ಹಳೆಯ ಮನೆಯ ಶೀಟು ಮತ್ತು ವ್ಯವಹಾರದ ಪ್ರಾಮಾಣಿಕತೆ

ಹಳೆಯ ಮನೆಯೊಂದನ್ನು ಕೊಳ್ಳುವಾಗ ಉತಾರ ಸರಿಯಿದೆಯೇ, ವಾರಸುದಾರರೆಲ್ಲ ಒಪ್ಪಿರುವರೇ, ಸಾಲದ ಬೋಜಾ ಇದೆಯೇ ಎಂದು ನಾವು ವಿಚಾರಿಸುತ್ತೇವೆ. ಮಲಪ್ರಭೆಯ ದಂಡೆಯ ಹೊಳೆಆಲೂರಿನಂತಹ ಊರಿನಲ್ಲಾದರೆ, 2009 ಮತ್ತು 2019ರ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದೂ ಕೇಳುತ್ತೇವೆ. ಆದರೆ ತಲೆಯ ಮೇಲಿನ ಸಿಮೆಂಟ್ ಶೀಟಿನಲ್ಲಿ ಏನಿದೆ ಎಂದು ಕೇಳುವವರು ವಿರಳ.

ಮಣ್ಣಿನ ಮಾಳಿಗೆ ಸೋರತೊಡಗಿದಾಗ ಕಡಿಮೆ ಖರ್ಚಿನಲ್ಲಿ ನೆರಳು ಕೊಟ್ಟದ್ದು ಈ ಶೀಟು. ಅದನ್ನು ಹೊದಿಸಿದ ಬಡವರನ್ನು ದೂರುವಂತಿಲ್ಲ. ಆದರೆ ಅದರಲ್ಲಿ ಸಾಮಾನ್ಯವಾಗಿ ಬೆರೆತಿರುವುದು ಆಸ್‌ಬೆಸ್ಟಾಸ್, ಅಂದರೆ ಕಲ್ನಾರು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಅದರ ಎಳೆಗಳು ಉಸಿರಿನೊಂದಿಗೆ ಒಳಸೇರಿದರೆ ಶ್ವಾಸಕೋಶದ ಕ್ಯಾನ್ಸರ್ ಮತ್ತು ಅದರ ಹೊರಪದರದ ಕ್ಯಾನ್ಸರ್ ಬರಬಹುದು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ರೋಗ ತಲೆದೋರಲು ಹಲವು ದಶಕಗಳೇ ಹಿಡಿಯುವುದರಿಂದ ಕಾರಣ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಯುರೋಪ್ ಒಕ್ಕೂಟ 2005ರಿಂದ ಇದನ್ನು ನಿಷೇಧಿಸಿದೆ. ನಮ್ಮ ದೇಶದಲ್ಲಾದರೋ ಹೊರಗಿನಿಂದ ತರಿಸಿದ ಕಲ್ನಾರಿನಿಂದ ಶೀಟು ತಯಾರಾಗುತ್ತಲೇ ಬಂದಿದೆ. ಆದ್ದರಿಂದ ಅಂಗಡಿಯಲ್ಲಿ ಸಿಗುತ್ತದೆಂಬುದು ಸುರಕ್ಷತೆಗೆ ಸಾಕ್ಷಿಯಲ್ಲ.

ಹಾಗೆಂದು ಗಾಬರಿಯೂ ಬೇಡ. ಬಿರುಕಿಲ್ಲದೆ ಭದ್ರವಾಗಿ ಕುಳಿತಿರುವ ಶೀಟಿನಿಂದ ಅಪಾಯ ಕಡಿಮೆ. ಅದನ್ನು ಕೊರೆದಾಗ, ಗರಗಸದಿಂದ ಕೊಯ್ದಾಗ, ಸುತ್ತಿಗೆಯಿಂದ ಒಡೆದಾಗ, ಗಟ್ಟಿ ಬ್ರಷ್ಷಿನಿಂದ ಪಾಚಿ ಉಜ್ಜಿದಾಗ ಧೂಳು ಏಳುತ್ತದೆ. ಮನೆ ಕೊಂಡವರು ಮೊದಲು ಮಾಡುವುದೇ ದುರಸ್ತಿ, ಅಪಾಯವೂ ಅಲ್ಲಿಯೇ.

ಮಾರುವವರ ಹೊಣೆ ಇಲ್ಲಿಂದ ಆರಂಭವಾಗುತ್ತದೆ. ಮೇಲೆ ಒಣಗಿದ ಧಾನ್ಯ, ಒಳಗೆ ಒದ್ದೆಯಾದದ್ದನ್ನು ಇಟ್ಟಿದ್ದ ವ್ಯಾಪಾರಿಯನ್ನು ಪ್ರವಾದಿ(ಸ) ತಡೆದು, ಜನರಿಗೆ ಕಾಣುವಂತೆ ಒದ್ದೆಯಾದದ್ದನ್ನು ಮೇಲಿಡಬಾರದಿತ್ತೇ ಎಂದು ಕೇಳಿದ ಪ್ರಸಂಗ ನಮಗೆಲ್ಲ ತಿಳಿದದ್ದೇ. ಒಡೆದ ಶೀಟಿನ ಮೇಲೆ ಬಣ್ಣ ಬಳಿಯುವುದು, ಚೂರುಗಳನ್ನು ಹಿತ್ತಿಲಲ್ಲಿ ಹೂತು ಸುಮ್ಮನಿರುವುದು ಆ ಧಾನ್ಯದ ರಾಶಿಗಿಂತ ಹೇಗೆ ಭಿನ್ನ? 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೆಯ ಕಲಮು ಕೂಡ, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ, ತನಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವರು ತಿಳಿಸಬೇಕೆನ್ನುತ್ತದೆ.

ಆದರೆ ಈ ವ್ಯವಹಾರದಲ್ಲಿ ಮೂರನೆಯವರೊಬ್ಬರಿದ್ದಾರೆ: ದಿನಗೂಲಿಗೆ ಬಂದು ಶೀಟು ಇಳಿಸುವ ಕಾರ್ಮಿಕ. ಕಲ್ನಾರು ಕಾರ್ಖಾನೆಗಳ ಕಾರ್ಮಿಕರ ಆರೋಗ್ಯ ದಾಖಲೆಗಳನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಆದೇಶಿಸಿತು. ನಮ್ಮ ಮನೆಗೆ ಬರುವ ಕೂಲಿಯವರ ದಾಖಲೆಯನ್ನು ಇಡುವವರಾರು? ಮೂಗಿಗೆ ಸುತ್ತಿದ ಟವೆಲ್ ಆ ಎಳೆಗಳನ್ನು ತಡೆಯದು. ಧೂಳು ಮೆತ್ತಿದ ಅವರ ಬಟ್ಟೆಯನ್ನು ಒಗೆಯುವ ಮಡದಿಗೂ ಅದೇ ಅಪಾಯ. ಕೂಲಿಯನ್ನು ಬೆವರು ಆರುವ ಮುನ್ನ ಕೊಡಬೇಕೆಂದು ನಂಬುವ ನಾವು, ಆ ಬೆವರಿನೊಂದಿಗೆ ರೋಗವನ್ನೂ ಕೊಟ್ಟು ಕಳಿಸುವುದು ನ್ಯಾಯವಲ್ಲ.

ಆದ್ದರಿಂದ ಮುಂಗಡ ಕೊಡುವ ಮೊದಲೇ ಶೀಟಿನ ವಿಷಯ ಕೇಳೋಣ. ಕಣ್ಣಿನಿಂದ ಕಲ್ನಾರನ್ನು ಗುರುತಿಸಲಾಗದು. ಪ್ರಯೋಗಾಲಯದ ಪರೀಕ್ಷೆ ಇಲ್ಲದಿದ್ದರೆ ಹಳೆಯ ಸಿಮೆಂಟ್ ಶೀಟಿನಲ್ಲಿ ಅದು ಇದೆಯೆಂದೇ ತಿಳಿಯುವುದು ಕ್ಷೇಮ. ಬದಲಿಸುವ ಖರ್ಚನ್ನು ಬೆಲೆ ಮಾತಾಡುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಇಳಿಸುವಾಗ ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಒಡೆಯದಂತೆ ಇಳಿಸಬೇಕು. ಎಳೆಗಳನ್ನು ತಡೆಯುವ ತಕ್ಕ ಮುಖಗವಸು ಕೊಡಿಸಬೇಕು. ಮಕ್ಕಳನ್ನು ದೂರವಿಡಬೇಕು. ಚೂರುಗಳನ್ನು ಒಣಗಿದ್ದಾಗ ಗುಡಿಸದೆ, ಒದ್ದೆ ಮಾಡಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಿ, ವಿಲೇವಾರಿಯ ಬಗ್ಗೆ ಗ್ರಾಮ ಪಂಚಾಯಿತಿಯನ್ನೂ ಮಾಲಿನ್ಯ ನಿಯಂತ್ರಣ ಮಂಡಳಿಯನ್ನೂ ಕೇಳಬೇಕು. ಹೊಳೆಗೋ ಹೊಲದ ಬದುವಿಗೋ ಎಸೆದರೆ ನಮ್ಮ ಅಪಾಯವನ್ನು ನೆರೆಯವರಿಗೆ ದಾಟಿಸಿದಂತಾಗುತ್ತದೆ.

ಮನೆ ಮಾರಾಟದ ಮಾತುಕತೆಗೆ ಜಮಾಅತಿನ ಹಿರಿಯರು ಕುಳಿತುಕೊಳ್ಳುವುದುಂಟು. ಉತಾರದ ಜೊತೆಗೆ ಶೀಟಿನ ಪ್ರಶ್ನೆಯನ್ನೂ ಅವರು ಎತ್ತಲಿ. ಸತ್ಯ ಹೇಳಿದ ವ್ಯಾಪಾರದಲ್ಲಿ ಬರಕತ್ ಇದೆಯೆಂದು ನಂಬುವವರಿಗೆ ಈ ಒಂದು ಪ್ರಶ್ನೆ ಭಾರವಾಗಬಾರದು.