ಪ್ರತಿಜ್ಞೆಯೇ ಆಯ್ಕೆಯ ಅಳತೆಗೋಲಾಗಲಿ

ಭಾನುವಾರದ ಬಲಿಪೂಜೆ ಮುಗಿಯುವ ಹೊತ್ತಿಗೆ ಕ್ಯಾಥೊಲಿಕ್ ಚರ್ಚ್‌ಗಳಲ್ಲಿ ಗುರುಗಳು ಒಂದು ಪ್ರಕಟಣೆ ಓದುವುದುಂಟು. ಇಂಥ ವಾರ್ಡಿನ ಇಂಥವರ ಮಗ, ಇಂಥ ಊರಿನ ಇಂಥವರ ಮಗಳು ಮದುವೆಯಾಗಲಿದ್ದಾರೆ. ಇದಕ್ಕೆ ಅಡ್ಡಿಯಾಗುವ ಸಂಗತಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಬೇಕು ಎನ್ನುವುದು ಅದರ ಸಾರ. 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ಈ ಪದ್ಧತಿಯನ್ನು ಎಲ್ಲೆಡೆ ಕಡ್ಡಾಯ ಮಾಡಿತು. 1563ರಲ್ಲಿ ಟ್ರೆಂಟ್ ಮಹಾಸಭೆ ಅದನ್ನು ಮೂರು ಹಬ್ಬದ ದಿನ ಓದಬೇಕೆಂದು ಬಿಗಿಗೊಳಿಸಿತು. ಗುಟ್ಟಾಗಿ ಮದುವೆಯಾಗಿ ಆಮೇಲೆ ಇಲ್ಲವೆನ್ನುವುದನ್ನು, ಒಂದೂರಿನಲ್ಲಿ ಹೆಂಡತಿಯನ್ನು ಬಿಟ್ಟು ಇನ್ನೊಂದೂರಿನಲ್ಲಿ ಮತ್ತೊಬ್ಬಳ ಕೈಹಿಡಿಯುವುದನ್ನು ತಡೆಯಲು ಆಗ ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ವಧೂವರರ ಬಗ್ಗೆ ವಿಚಾರಿಸುವ ಹೊಣೆ ಮನೆಯವರದ್ದಷ್ಟೇ ಅಲ್ಲ, ಊರಿನದ್ದೂ ಹೌದು ಎಂಬ ನಂಬಿಕೆ ಅದರ ಹಿಂದಿತ್ತು.

ಆ ನಂಬಿಕೆಗೆ ಆಧಾರವಾಗಿದ್ದುದು ಒಬ್ಬರನ್ನೊಬ್ಬರು ಬಲ್ಲ ಊರು. ಶಿರ್ವದಲ್ಲೋ ಬಜ್ಪೆಯಲ್ಲೋ ಹುಟ್ಟಿ, ಅಲ್ಲೇ ಗದ್ದೆ ಮಾಡಿಕೊಂಡಿದ್ದ ಹುಡುಗನ ಕೋಪ, ಕುಡಿತ, ಸಾಲ ಯಾವುದೂ ನೆರೆಯವರಿಂದ ಮುಚ್ಚಿಡುವಂತಿರಲಿಲ್ಲ. ಇಂದು ಅದೇ ಊರಿನ ಚರ್ಚಿನಲ್ಲಿ ಹೆಸರು ಓದಿಸಿಕೊಳ್ಳುವ ಯುವಕ ಹತ್ತು ವರ್ಷದಿಂದ ದುಬೈಯಲ್ಲೋ ಕುವೈತ್‌ನಲ್ಲೋ ಇದ್ದಾನೆ. ಹುಡುಗಿ ಬೆಂಗಳೂರಿನ ಪಿ.ಜಿ.ಯಲ್ಲಿದ್ದಾಳೆ. ಪ್ರಕಟಣೆ ಕೇಳಿಸಿಕೊಂಡ ಜನರಿಗೆ ಅವರ ಅಪ್ಪ ಅಮ್ಮ ಗೊತ್ತು, ಅವರು ಗೊತ್ತಿಲ್ಲ. ಹೀಗೆ ತೆರವಾದ ಜಾಗವನ್ನು ಬಯೊಡೇಟಾ ತುಂಬಿದೆ: ಎತ್ತರ, ಬಣ್ಣ, ಓದು, ಸಂಬಳ, ವೀಸಾ, ಸ್ವಂತ ಮನೆ. ರಜೆ ಮುಗಿಯುವುದರೊಳಗೆ ನೋಡಿ, ಒಪ್ಪಿ, ಹಾಲ್ ಗೊತ್ತುಮಾಡಿ, ಮದುವೆ ಮುಗಿಸುವ ಅವಸರ ಬೇರೆ. ವಿಚಾರಣೆ ಮೊದಲಿಗಿಂತ ಹೆಚ್ಚೇ ನಡೆಯುತ್ತಿದೆ, ಆದರೆ ಅದು ಹುಡುಕುತ್ತಿರುವುದು ಬೇರೆಯದನ್ನೇ.

ಹಾಗಾದರೆ ಕ್ರೈಸ್ತ ವಿಶ್ವಾಸವುಳ್ಳವರು ಸಂಗಾತಿಯಲ್ಲಿ ಏನನ್ನು ನೋಡಬೇಕು? ಉತ್ತರಕ್ಕಾಗಿ ಎಲ್ಲೆಲ್ಲೋ ಹುಡುಕಬೇಕಿಲ್ಲ, ಅದು ಮದುವೆಯ ವಿಧಿಯಲ್ಲೇ ಇದೆ. ಕ್ಯಾಥೊಲಿಕ್ ವಿಧಿಯಲ್ಲಿ ಪ್ರತಿಜ್ಞೆಗೆ ಮುಂಚೆ ಗುರುಗಳು ಮೂರು ಸಂಗತಿ ಕೇಳುತ್ತಾರೆ: ಯಾರ ಬಲವಂತವೂ ಇಲ್ಲದೆ ಬಂದಿದ್ದೀರಾ, ಬದುಕಿರುವಷ್ಟು ದಿನ ಒಬ್ಬರನ್ನೊಬ್ಬರು ಪ್ರೀತಿಸಿ ಗೌರವಿಸುತ್ತೀರಾ, ದೇವರು ಕೊಡುವ ಮಕ್ಕಳನ್ನು ವಿಶ್ವಾಸದಲ್ಲಿ ಬೆಳೆಸುತ್ತೀರಾ. ಆಮೇಲಿನ ಪ್ರತಿಜ್ಞೆ ಸುಖದುಃಖ, ಆರೋಗ್ಯ ಅನಾರೋಗ್ಯಗಳಲ್ಲಿ ಜತೆಗಿರುವ ಮಾತು. ಪ್ರೊಟೆಸ್ಟೆಂಟ್ ಸಭೆಗಳ ವಿಧಿಯ ತಿರುಳೂ ಇದೇ. ಕ್ಯಾಥೊಲಿಕ್ ಚರ್ಚಿನ ನಿಯಮಸಂಹಿತೆಯಾದ ಕೆನಾನ್ ಕಾನೂನಿನ 1057ನೇ ವಿಧಿ ಮದುವೆಯನ್ನು ಮದುವೆಯಾಗಿಸುವುದು ಇಬ್ಬರ ಒಪ್ಪಿಗೆಯೇ ಎನ್ನುತ್ತದೆ. ಅದನ್ನು ಇನ್ನಾರೂ ಅವರ ಪರವಾಗಿ ಕೊಡಲಾರರು. ಒಪ್ಪಿಗೆಗೆ ಇಷ್ಟು ತೂಕವಿದ್ದರೆ, ಏನನ್ನು ಒಪ್ಪುತ್ತಿದ್ದೇವೆಂಬ ತಿಳಿವಳಿಕೆಗೂ ಅಷ್ಟೇ ತೂಕ ಇರಬೇಕು. ಪ್ರತಿಜ್ಞೆಯ ಒಂದೊಂದು ಮಾತನ್ನೂ ಮದುವೆಗೆ ಮುಂಚಿನ ಪ್ರಶ್ನೆಯಾಗಿ ತಿರುಗಿಸಿಕೊಳ್ಳುವುದೇ ಜಾಣ ಆಯ್ಕೆ. ಕೈಯಲ್ಲಿ ದುಡ್ಡಿಲ್ಲದಾಗ ಈ ಮನುಷ್ಯ ಹೇಗಿರುತ್ತಾನೆ? ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಅವರ ಆರೈಕೆಯಲ್ಲಿ ಈಕೆಯ ಪಾಲೆಷ್ಟು, ಈತನ ಪಾಲೆಷ್ಟು? ಸುಳ್ಳು ಹೇಳಿದರೆ ಲಾಭವಾಗುವಲ್ಲಿ ನಿಜ ಹೇಳಿದ ಉದಾಹರಣೆ ಇದೆಯೇ? ತಪ್ಪಾದಾಗ ಕ್ಷಮೆ ಕೇಳುವ ರೂಢಿಯಿದೆಯೇ? ಇವಕ್ಕೆ ಸಂಬಳದ ಚೀಟಿ ಉತ್ತರ ಕೊಡುವುದಿಲ್ಲ.

ಬೈಬಲಿನಲ್ಲಿ ಸಂಬಂಧ ಹುಡುಕುವ ಕಥೆಗಳನ್ನು ಓದಿದರೂ ಕಾಣುವುದು ಇದೇ. ಆದಿಕಾಂಡದ 24ನೇ ಅಧ್ಯಾಯದಲ್ಲಿ ಅಬ್ರಹಾಮನ ಸೇವಕ ಇಸಾಕನಿಗೆ ಹೆಣ್ಣು ನೋಡಲು ಹತ್ತು ಒಂಟೆಗಳೊಂದಿಗೆ ಹೊರಡುತ್ತಾನೆ. ಊರ ಬಾವಿಯ ಬಳಿ ಅವನು ಒಂದು ಗುರುತು ಬೇಡಿಕೊಳ್ಳುತ್ತಾನೆ: ಕುಡಿಯಲು ನೀರು ಕೇಳಿದರೆ ತನಗಷ್ಟೇ ಅಲ್ಲ, ಒಂಟೆಗಳಿಗೂ ಕೊಡುತ್ತೇನೆ ಎನ್ನುವವಳೇ ಆ ಹುಡುಗಿ. ಕೇಳಲು ಸರಳವಾಗಿರುವ ಈ ಪರೀಕ್ಷೆಯ ಭಾರ ಲೆಕ್ಕ ಹಾಕಿದರೆ ತಿಳಿಯುತ್ತದೆ. ಬಾಯಾರಿದ ಒಂಟೆ ಒಂದೇ ಸಲಕ್ಕೆ ನೂರು ಲೀಟರಿನಷ್ಟು ನೀರು ಕುಡಿಯಬಲ್ಲದು. ದೂರದಿಂದ ಬಂದ ಹತ್ತು ಒಂಟೆಗಳ ದಾಹ ತೀರಿಸಲು ರೆಬೆಕ್ಕ ಕೊಡ ಹೊತ್ತು ಎಷ್ಟು ಸಲ ಓಡಾಡಿರಬೇಕು! ಅದೂ ಗುರುತಿಲ್ಲದ ಪರಸ್ಥಳದವನಿಗಾಗಿ, ಪ್ರತಿಫಲದ ಸುಳಿವೂ ಇಲ್ಲದೆ. ಸೇವಕ ಚಿನ್ನದ ಆಭರಣ ತೆಗೆದದ್ದು ಒಂಟೆಗಳು ಕುಡಿದು ಮುಗಿಸಿದ ಮೇಲೆ. ಮನೆಯವರು ಒಪ್ಪಿದ ಮೇಲೂ ಹುಡುಗಿಯನ್ನೇ ಕರೆದು ಹೋಗುತ್ತೀಯಾ ಎಂದು ಕೇಳಿದರು ಎನ್ನುವ ವಿವರವನ್ನು ಕಥೆ ಬಿಟ್ಟಿಲ್ಲ. ಹಿರಿಯರ ಹುಡುಕಾಟ, ಪ್ರಾರ್ಥನೆ, ನಡತೆಯ ಪರೀಕ್ಷೆ, ಹುಡುಗಿಯ ಸ್ವಂತ ಮಾತು ನಾಲ್ಕೂ ಅಲ್ಲಿ ಒಟ್ಟಿಗಿವೆ.

ಅದೇ ಕಥೆಯಲ್ಲಿ ಅಬ್ರಹಾಮ ನೆಂಟರ ಪೈಕಿಯೇ ಹೆಣ್ಣು ತರಬೇಕೆಂದು ಆಣೆ ಮಾಡಿಸಿಕೊಂಡನಲ್ಲ, ಹಾಗಾದರೆ ನಮ್ಮ ನಮ್ಮ ಜಾತಿಯಲ್ಲೇ ಸಂಬಂಧ ಬೆಳೆಸುವುದು ತಪ್ಪೇ ಎಂದು ಕೇಳುವವರಿದ್ದಾರೆ. ಮುಂದಿನ ಪುಟಗಳೇ ಅದಕ್ಕೆ ಉತ್ತರ. ಮೋಶೆ ಕೂಷ್ ದೇಶದವಳನ್ನು ಮದುವೆಯಾದನೆಂದು ಮಿರ್ಯಾಮಳೂ ಆರೋನನೂ ಆಡಿಕೊಂಡಾಗ ಅರಣ್ಯಕಾಂಡದಲ್ಲಿ ದೇವರ ಕೋಪ ಎರಗುವುದು ಆಡಿಕೊಂಡವರ ಮೇಲೆ. ರೂತಳು ಮೋವಾಬಿನವಳು, ವಿಧವೆ, ಹೊಲದಲ್ಲಿ ಹಕ್ಕಲು ಆಯ್ದು ಬದುಕುವವಳು. ಅವಳು ಅತ್ತೆ ನೊವೊಮಿಯನ್ನು ಕೈಬಿಡದೆ ನೋಡಿಕೊಂಡ ಸುದ್ದಿ ಬೋವಜನ ಕಿವಿಗೆ ಬಿದ್ದಿತ್ತು. ಅವಳ ಬಗ್ಗೆ ಅವನಿಗೆ ಬೇಕಿದ್ದ ವಿಚಾರಣೆ ಅಷ್ಟೇ. ಮತ್ತಾಯನು ಬರೆದ ಯೇಸುವಿನ ವಂಶಾವಳಿಯಲ್ಲಿ ಅವಳ ಹೆಸರಿದೆ. ಕ್ರಿಸ್ತನಲ್ಲಿ ಕುಲಭೇದವಿಲ್ಲ ಎಂದು ಗಲಾತ್ಯದವರಿಗೆ ಬರೆದ ಪೌಲನನ್ನು ಓದಿದ ಸಮುದಾಯದಲ್ಲೇ ಮತಾಂತರಕ್ಕೂ ಮುಂಚಿನ ಜಾತಿ ಯಾವುದೆಂಬ ಪಿಸುಮಾತು ಇನ್ನೂ ಸಂಬಂಧಗಳನ್ನು ಮುರಿಯುತ್ತದೆ. ಕೇರಳದ ಕ್ನಾನಾಯ ಸಮುದಾಯದಲ್ಲಂತೂ ಹೊರಗೆ ಮದುವೆಯಾದವರ ಸದಸ್ಯತ್ವದ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದೆ. ಅಬ್ರಹಾಮನ ಆತಂಕ ಸೊಸೆಯ ದೇವರು ಯಾರು ಎಂಬುದಾಗಿತ್ತೆಂದು ಓದುವುದೇ ಈ ಕಥೆಗಳ ಒಟ್ಟು ದಿಕ್ಕಿಗೆ ಹೊಂದುತ್ತದೆ.

ವಿಚಾರಣೆಯನ್ನು ಹಾಳು ಮಾಡುವ ಇನ್ನೊಂದು ಸಂಗತಿ ವರದಕ್ಷಿಣೆ. ರೆಬೆಕ್ಕಳ ಮನೆಗೆ ಉಡುಗೊರೆ ಬಂದದ್ದು ಗಂಡಿನ ಕಡೆಯಿಂದ. ಯಾಕೋಬ ರಾಹೇಲಳಿಗಾಗಿ ಮಾವನ ಮನೆಯಲ್ಲಿ ಎರಡು ಸಲ ಏಳು ವರ್ಷ ದುಡಿದ. ಹೆಣ್ಣಿನ ಕಡೆಯವರು ಕೊಡಬೇಕೆಂಬ ಪದ್ಧತಿಗೆ ಧರ್ಮಗ್ರಂಥದ ಆಸರೆಯಿಲ್ಲ. ಅದಕ್ಕಿದ್ದ ಆಸರೆ ಆಸ್ತಿಯ ಲೆಕ್ಕಾಚಾರ. 1916ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾಯ್ದೆ ಮಗಳಿಗೆ ಸ್ತ್ರೀಧನವಾಗಿ ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟು ಎಂದಿತ್ತು. ಮೇರಿ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1986ರಲ್ಲಿ ಆ ಕಾಯ್ದೆಯನ್ನು ಬದಿಗಿರಿಸಿ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಸಮಪಾಲನ್ನು ಅಲ್ಲಿನ ಹೆಣ್ಣುಮಕ್ಕಳಿಗೂ ಕೊಡಿಸಿತು. 1961ರಿಂದಲೇ ವರದಕ್ಷಿಣೆ ಅಪರಾಧ. ಆದರೂ ‘ನಾವೇನೂ ಕೇಳುವುದಿಲ್ಲ, ನಿಮ್ಮ ಮಗಳಿಗೆ ನೀವು ಕೊಡುವುದು ನಿಮಗೆ ಬಿಟ್ಟದ್ದು’ ಎಂಬ ಮಾತು ಸತ್ತಿಲ್ಲ. ಮೊತ್ತ ನಿಂತ ಮೇಲೆ ಹುಡುಗನ ನಡತೆ ಕೇಳಲು ಹೆಣ್ಣಿನವರಿಗೆ ಬಾಯಿ ಬರುವುದಿಲ್ಲ, ಕೇಳಿಸಿಕೊಳ್ಳಲು ಗಂಡಿನವರಿಗೆ ತಾಳ್ಮೆ ಇರುವುದಿಲ್ಲ. ಕೇಳುವವನು ಯಾರೆಂಬುದನ್ನು ಆ ಬೇಡಿಕೆಯೇ ಹೇಳಿಬಿಡುತ್ತದೆ ಎಂದು ತಿಳಿದು ಎದ್ದುಬರುವುದೇ ಅಲ್ಲಿ ಜಾಣತನ.

ಹಿಂದಿನವರು ಮುಖ ನೋಡದೆ ಮದುವೆಯಾಗಿ ಬಾಳಲಿಲ್ಲವೇ ಎನ್ನುವುದು ಬಲವಾದ ಆಕ್ಷೇಪ. ಕರಾವಳಿಯ ಚರಿತ್ರೆಯಲ್ಲೇ ಅದಕ್ಕೆ ನಿದರ್ಶನವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನ ಮಿಶನರಿಗಳು ತಮ್ಮಿಷ್ಟದಂತೆ ಮದುವೆಯಾಗುವಂತಿರಲಿಲ್ಲ. ಬಾಸೆಲ್‌ನ ಸಮಿತಿಯ ಅನುಮತಿ ಬೇಕಿತ್ತು. ಎಷ್ಟೋ ವಧುಗಳು ಸರಿಯಾಗಿ ಪರಿಚಯವೇ ಇಲ್ಲದ ವರನ ಕೈಹಿಡಿಯಲು ಯುರೋಪಿನಿಂದ ಹಡಗು ಹತ್ತಿದರು. ಆದರೆ ಅವರಿಗೆ ತಾವು ಯಾವ ಬದುಕಿಗೆ ಹೊರಟಿದ್ದೇವೆ ಎಂಬುದು ಗೊತ್ತಿತ್ತು. ಬಿಸಿಲು, ಜ್ವರ, ಶಾಲೆ, ಸಭೆಯ ಕೆಲಸ ಎಲ್ಲವೂ ಒಪ್ಪಂದದ ಭಾಗವಾಗಿದ್ದವು. ಗಂಡು ಹೆಣ್ಣು ಇಬ್ಬರೂ ಒಂದೇ ಗುರಿಗೆ ತಮ್ಮನ್ನು ಕೊಟ್ಟುಕೊಂಡವರು. ಪರಿಚಯ ಕಡಿಮೆಯಿದ್ದರೂ ಉದ್ದೇಶದ ಸ್ಪಷ್ಟತೆ ಇತ್ತು. ಇಂದಿನ ಅವಸರದ ಮದುವೆಗಳಲ್ಲಿ ಎರಡೂ ಇಲ್ಲ. ಪ್ರೇಮವಿವಾಹದಲ್ಲಿ ಪರಿಚಯವಿರುತ್ತದೆ, ನಿಜ. ಆದರೆ ಸಿನಿಮಾ, ಕಾಫಿ, ಚಾಟಿಂಗ್‌ಗಳ ಪರಿಚಯವೂ ಕಷ್ಟಕಾಲದ ಮುಖ ತೋರಿಸುವುದಿಲ್ಲ. ಹಿರಿಯರ ಮೂಲಕವೋ ಸ್ವಂತವಾಗಿಯೋ ಎಂಬ ವಾದಕ್ಕಿಂತ, ಯಾರೇ ಆರಿಸಿದರೂ ಯಾವುದನ್ನು ನೋಡಿ ಆರಿಸಿದರು ಎಂಬ ಪ್ರಶ್ನೆ ದೊಡ್ಡದು.

ಇಬ್ಬರೂ ಚರ್ಚಿಗೆ ಹೋಗುವವರು, ಇನ್ನೇನು ಬೇಕು ಎಂಬ ಮಾತೂ ಇದೆ. ಮರುಮದುವೆಯಾಗುವ ವಿಧವೆಗೆ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ ಇಡುವ ಒಂದೇ ಷರತ್ತು, ಅದು ಕರ್ತನಲ್ಲಿ ನಡೆಯುವ ಮದುವೆಯಾಗಿರಬೇಕು ಎಂಬುದು. ದೀಕ್ಷಾಸ್ನಾನದ ದಾಖಲೆ ಆ ಷರತ್ತಿನ ಆರಂಭ ಮಾತ್ರ. ಭಾನುವಾರ ಮೊದಲ ಸಾಲಿನಲ್ಲಿ ಕೂರುವವನು ಸೋಮವಾರ ಹೋಟೆಲ್ ಹುಡುಗನ ಮೇಲೆ ಹರಿಹಾಯುವುದನ್ನು ಯಾವ ದಾಖಲೆಯೂ ಬರೆದಿಡುವುದಿಲ್ಲ. ಇದರ ಇನ್ನೊಂದು ಮುಖ, ಮದುವೆಯಾದ ಮೇಲೆ ದೇವರು ಸರಿಮಾಡುತ್ತಾನೆ ಎಂಬ ಆಸೆ. ಅದೇ ಅಧ್ಯಾಯದಲ್ಲಿ, ನಿನ್ನ ಗಂಡನನ್ನು ಉದ್ಧರಿಸುವೆಯೆಂದು ನಿನಗೇನು ಗೊತ್ತು ಎಂಬರ್ಥದ ಪ್ರಶ್ನೆಯನ್ನು ಪೌಲ ಎತ್ತುತ್ತಾನೆ. ಅದೂ ಆಗಲೇ ಮದುವೆಯಾದವರಿಗೆ. ಕುಡಿತವನ್ನೋ ಕೈಮಾಡುವ ಚಾಳಿಯನ್ನೋ ಬಿಡಿಸುವ ಔಷಧಿಯಾಗಿ ಇನ್ನೊಬ್ಬರ ಮಗಳನ್ನು ತರುವುದು ವಿಶ್ವಾಸವಲ್ಲ, ಅನ್ಯಾಯ.

ಕರ್ನಾಟಕದಲ್ಲಿ ಕ್ರೈಸ್ತರು 2011ರ ಜನಗಣತಿಯ ಪ್ರಕಾರ ಶೇ 1.87ರಷ್ಟು, ಸುಮಾರು 11 ಲಕ್ಷ. ಇಷ್ಟು ಚಿಕ್ಕ ಸಮುದಾಯದಲ್ಲಿ ಇಷ್ಟೆಲ್ಲ ಪರೀಕ್ಷೆ ಮಾಡಿದರೆ ಮಕ್ಕಳಿಗೆ ಮದುವೆಯೇ ಆಗದು ಎಂಬ ಭಯ ಸಹಜ. ಆದರೆ ಆಯ್ಕೆಯನ್ನು ನಿಜಕ್ಕೂ ಕಿರಿದಾಗಿಸಿರುವುದು ಯಾವುದು? ಜಾತಿ, ಚರ್ಮದ ಬಣ್ಣ, ಕೊಂಕಣಿಯೋ ಕನ್ನಡವೋ ತಮಿಳೋ ಎಂಬ ಭಾಷೆಯ ಗೋಡೆ, ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಸಿ.ಎಸ್.ಐ. ಸಭೆಗಳ ನಡುವಿನ ಅಂತರ. ಕೊನೆಯದಕ್ಕೆ ಬಿಷಪರ ಅನುಮತಿ ಪಡೆಯುವ ದಾರಿ ಕೆನಾನ್ ಕಾನೂನಿನಲ್ಲೇ ಇದೆ. ಉಳಿದವುಗಳನ್ನು ಬಿಟ್ಟರೆ ಪಟ್ಟಿ ಉದ್ದವಾಗುತ್ತದೆ. ಅಷ್ಟಾಗಿಯೂ ಸಂಬಂಧ ಕೂಡಿಬರದಿದ್ದರೆ, ಮದುವೆಯಾಗದ ಬದುಕನ್ನೂ ದೇವರ ವರವೆಂದು ಕರೆದ ಪೌಲನ ಮಾತು ಪಾದ್ರಿಗಳಿಗೂ ಸಿಸ್ಟರ್‌ಗಳಿಗೂ ಮಾತ್ರ ಮೀಸಲಲ್ಲ.

ಎಚ್ಚರ ಏಕೆ ಬೇಕೆಂದರೆ ಹೊರಬರುವ ಬಾಗಿಲು ಇಕ್ಕಟ್ಟು. 1869ರ ವಿಚ್ಛೇದನ ಕಾಯ್ದೆಯಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅವಕಾಶ ಬಂದದ್ದೇ 2001ರ ತಿದ್ದುಪಡಿಯಲ್ಲಿ. ಮದುವೆಯ ಬಾಳ್ವೆಯನ್ನೇ ಕೆಡಿಸಬಲ್ಲ ಗುಣವನ್ನು ಮೋಸದಿಂದ ಬಚ್ಚಿಟ್ಟು ಒಪ್ಪಿಗೆ ಪಡೆದರೆ ಆ ಮದುವೆ ಅಸಿಂಧು ಎಂದು ಕೆನಾನ್ ಕಾನೂನಿನ 1098ನೇ ವಿಧಿ ಹೇಳುತ್ತದೆ. ಆದರೆ ಚರ್ಚಿನ ನ್ಯಾಯಪೀಠ ಹಾಗೆ ತೀರ್ಪಿತ್ತರೂ ದೇಶದ ಕಾನೂನಿನ ಕಣ್ಣಲ್ಲಿ ಮದುವೆ ಉಳಿದೇ ಇರುತ್ತದೆ. ಸುಪ್ರೀಂ ಕೋರ್ಟ್ 1996ರಲ್ಲಿ ಇದನ್ನು ಸ್ಪಷ್ಟಪಡಿಸಿತು; ಚರ್ಚಿನ ತೀರ್ಪಿಗೆ ಮಾನ್ಯತೆ ಕೋರಿ ದಕ್ಷಿಣ ಕನ್ನಡದ ಕ್ಯಾಥೊಲಿಕ್ ಮುಖಂಡರೊಬ್ಬರು ಸಲ್ಲಿಸಿದ್ದ ಅರ್ಜಿಯನ್ನು 2017ರಲ್ಲಿ ವಜಾ ಮಾಡಿತು. ಮುಚ್ಚಿಟ್ಟ ಕಾಯಿಲೆ, ಸಾಲ, ಹಳೆಯ ಸಂಬಂಧಗಳಿಗಾಗಿ ಎರಡು ಕಡೆ ಅಲೆಯುವುದಕ್ಕಿಂತ ನಿಶ್ಚಿತಾರ್ಥಕ್ಕೆ ಮುಂಚೆ ಎರಡು ಮಾತು ನೇರವಾಗಿ ಕೇಳುವುದು ಮೇಲು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂದು ಯೇಸುವೇ ಹೇಳಿರುವಾಗ, ಪ್ರಶ್ನೆ ಕೇಳುವುದು ದೇವರ ಮೇಲಿನ ನಂಬಿಕೆಗೆ ಕುಂದು ಹೇಗಾದೀತು?

ಸಭೆಗಳೂ ಮಾಡಬೇಕಾದ್ದಿದೆ. ಮದುವೆಯ ಸಿದ್ಧತಾ ಶಿಬಿರಗಳು ಇಂದು ಬಹುಪಾಲು ಸಂಬಂಧ ಗಟ್ಟಿಯಾದ ಮೇಲೆ, ಹಾಲಿಗೂ ಕೇಟರಿಂಗ್‌ನವರಿಗೂ ಮುಂಗಡ ಕೊಟ್ಟ ಮೇಲೆ ನಡೆಯುತ್ತವೆ. ಅಲ್ಲಿ ಅನುಮಾನ ಮೂಡಿದರೂ ಹಿಂದೆ ಸರಿಯುವ ಧೈರ್ಯ ಯಾರಿಗೂ ಇರುವುದಿಲ್ಲ. ಮುಂದೆ ಮುರಿಯುವುದು ಕಣ್ಣಿಗೆ ಕಾಣುವಂತಿರುವ ಸಂಬಂಧವನ್ನು ಮೊದಲೇ ಬಿಡುವುದು ವಿವೇಕವೆಂದು ಯುವಜನರಿಗೆ ಮನವರಿಕೆ ಮಾಡುವುದೂ ಸಿದ್ಧತೆಯ ಭಾಗ ಎಂದು ಪೋಪ್ ಫ್ರಾನ್ಸಿಸ್ 2016ರ ‘ಅಮೋರಿಸ್ ಲೇತಿತ್ಸಿಯಾ’ ಬೋಧನಾಪತ್ರದಲ್ಲಿ ಬರೆದರು, ಮದುವೆಯ ತಯಾರಿ ಬಹಳ ಮುಂಚೆಯೇ ಶುರುವಾಗಬೇಕೆಂದು 2022ರಲ್ಲಿ ವ್ಯಾಟಿಕನ್ ಮಾರ್ಗದರ್ಶಿಯನ್ನೂ ಹೊರಡಿಸಿತು. ಶಿಬಿರವನ್ನು ನಿಶ್ಚಿತಾರ್ಥಕ್ಕೆ ಮುಂಚಿನ ಹಂತಕ್ಕೆ ತರುವುದು, ಹೊರದೇಶದಲ್ಲಿರುವವರ ಬಗ್ಗೆ ಅಲ್ಲಿನ ಧರ್ಮಕೇಂದ್ರದಿಂದ ನಿಜವಾಗಿ ವಿಚಾರಿಸುವುದು, ಮುರಿದ ನಿಶ್ಚಿತಾರ್ಥವನ್ನು ಹುಡುಗಿಯ ತಲೆಗೆ ಕಟ್ಟುವವರನ್ನು ಪಾದ್ರಿಗಳೇ ಗದರಿಸುವುದು ಯಾವ ಧರ್ಮಪ್ರಾಂತ್ಯಕ್ಕೂ ಅಸಾಧ್ಯವಲ್ಲ. ಬಲವಂತವಿಲ್ಲದೆ ಬಂದಿದ್ದೀರಾ ಎಂದು ಬಲಿಪೀಠದ ಮುಂದೆ ಕೇಳುವ ಸಭೆ, ಇಲ್ಲ ಎನ್ನಲು ಸಾಧ್ಯವಿದ್ದ ಹೊತ್ತಿನಲ್ಲೇ ಆ ಪ್ರಶ್ನೆಯನ್ನು ಒಮ್ಮೆ ಕೇಳಬೇಕು.