ಶಾಲೆಗೊಂದು ಸೂಕ್ಷ್ಮಜೀವಿ ಪ್ರಯೋಗಾಲಯ

ಸುವರ್ಣ ಮಹೋತ್ಸವದ ಈ ಶುಭಸಂದರ್ಭದಲ್ಲಿ ನಮ್ಮ ಕನ್ನಡ ಶಾಲೆಗೆ ಸಲ್ಲಬೇಕಾದ ತಕ್ಕ ಕಾಣಿಕೆ ಒಂದು ಪುಟ್ಟ ಸೂಕ್ಷ್ಮಜೀವಿ ಪ್ರಯೋಗಾಲಯವೆಂಬುದು ನನ್ನ ವಿನಮ್ರ ಅಭಿಪ್ರಾಯ.

2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹಬ್ಬಿ ಹಲವರು ಅಸುನೀಗಿದರು. ಅದಕ್ಕೆ ಕಾರಣವಾದ ಹೆಪಟೈಟಿಸ್ ಇ ವೈರಸ್ಸು ಶಾಲೆಯ ಸೂಕ್ಷ್ಮದರ್ಶಕಕ್ಕೆ ಗೋಚರಿಸದು. ಆದರೆ ಅದು ಬರುವ ಹಾದಿ, ಅಂದರೆ ಕುಡಿಯುವ ನೀರಿನಲ್ಲಿ ಮಲ ಬೆರೆತಿರುವುದು, ಬ್ಯಾಕ್ಟೀರಿಯಾಗಳ ಮೂಲಕ ತಿಳಿಯುತ್ತದೆ. ಮಲದಲ್ಲಿನ ಕೆಲವು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಉತ್ಪಾದಿಸುತ್ತವೆ. ಈ ಗುಣವನ್ನಾಧರಿಸಿ ಭಾರತೀಯ ವಿಜ್ಞಾನಿಗಳು 1982ರಲ್ಲಿ ಸರಳ ಪರೀಕ್ಷೆಯೊಂದನ್ನು ಪ್ರಕಟಿಸಿದರು: ಪೋಷಕ ದ್ರಾವಣ ಹೀರಿಸಿದ ಕಾಗದವುಳ್ಳ ಶೀಶೆಗೆ ನೀರು ತುಂಬಿ ಬೆಚ್ಚಗಿರಿಸಿದರೆ, ಮಲಿನ ನೀರು ಒಂದೆರಡು ದಿನಗಳಲ್ಲಿ ಕಪ್ಪಾಗುತ್ತದೆ. ಕಪ್ಪಾಗದ ನೀರನ್ನೂ ಕುದಿಸಿ ಕುಡಿಯುವುದೇ ಕ್ಷೇಮ.

ಇದು ಕಾಲೇಜಿನ ವಿದ್ಯೆಯೆಂದು ಕೆಲವರು ಆಕ್ಷೇಪಿಸಬಹುದು. ಹಾಲಿಗೆ ಹೆಪ್ಪು ಹಾಕುವ ನಮ್ಮ ತಾಯಂದಿರು ಬ್ಯಾಕ್ಟೀರಿಯಾಗಳನ್ನು ನಿತ್ಯವೂ ಬೆಳೆಸುತ್ತಾರೆ. ಅವರ ಮಕ್ಕಳಿಗೆ ಈ ವಿದ್ಯೆ ಎಟುಕದೆ? ಮಕ್ಕಳು ಮುಚ್ಚಳ ತೆರೆಯದೆ ನೋಡಲಿ. ಅನಂತರ ಶಿಕ್ಷಕರೇ ಬ್ಲೀಚಿಂಗ್ ಪುಡಿ ಬೆರೆಸಿ ಚೆಲ್ಲಲಿ.

ಕೊಲ್ಹಾಪುರದ ಪಂಚಗಂಗೆಯದಾಗಲಿ, ಗಡಹಿಂಗ್ಲಜದ ಹಿರಣ್ಯಕೇಶಿಯದಾಗಲಿ, ನೀರಿನ ಪರೀಕ್ಷೆಯ ಫಲವನ್ನು ಮಗು ಮನೆಯ ಹಿರಿಯರಿಗೆ ಕನ್ನಡದಲ್ಲೇ ವಿವರಿಸಬಲ್ಲದಾದರೆ ಪ್ರಯೋಗಾಲಯದ ಪಾಠ ಒಲೆಯವರೆಗೂ ತಲುಪುತ್ತದೆ. ಹಳೆಯ ವಿದ್ಯಾರ್ಥಿಗಳು ಈ ಕಾರ್ಯಕ್ಕೆ ಕೈಜೋಡಿಸಬೇಕೆಂದು ಪ್ರಾರ್ಥಿಸುತ್ತೇನೆ.