ಎಣಿಸಿದ್ದು ಬಟ್ಟೆಯನ್ನು

2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಸಂಸ್ಕೃತಿ ಸಭೆ ನಡೆಯಿತು. ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳ ಕಸೂತಿಯ 1755 ವಸ್ತುಗಳು ಅಲ್ಲಿ ಗಿನ್ನೆಸ್ ದಾಖಲೆ ಸೇರಿದವು. ಸಂತೋಷವೇ. ಆದರೆ ಎಣಿಸಿದ್ದು ಬಟ್ಟೆಯನ್ನು, ಹೊಲಿದವಳ ಕೂಲಿಯನ್ನಲ್ಲ.

ಗೆಳತಿಯರೇ, ಈ ಹೊಲಿಗೆಗೂ ಮದುವೆಗೂ ಹಳೆಯ ನಂಟು. ತಾಯಿ ಮಗಳಿಗೆಂದು ಕನ್ನಡಿ, ಕವಡೆ ಕೂಡಿಸಿ ಫೇಟಿಯಾ, ಕಾಂಚಳಿ ಹೊಲಿದಿಡುತ್ತಿದ್ದಳು. ಗಂಡಿನವರೇ ತೆರ ಕೊಟ್ಟು ಹೆಣ್ಣು ತರುತ್ತಿದ್ದ ಸಮಾಜ ಅದು. (ತೆರವೇನೂ ದೊಡ್ಡ ನ್ಯಾಯವಲ್ಲ, ಅಲ್ಲಿಯೂ ಹೆಣ್ಣಿಗೆ ಬೆಲೆ ಕಟ್ಟಿದವರು ಗಂಡಸರೇ.) ಈಗ ತಾಂಡಾಗಳಿಗೂ ವರದಕ್ಷಿಣೆ ಹೊಕ್ಕಿದೆ. ಹುಡುಗನಿಗೆ ನೌಕರಿ ಇದ್ದರಂತೂ ಕೇಳುವುದೇ ಬೇಡ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಪುಸ್ತಕದಲ್ಲಿದೆ. ಇತ್ತ ತಾಯಿ ಕಣ್ಣು ಸವೆಸಿ ಗಳಿಸಿದ ದುಡ್ಡು ಬೀಗರ ಮನೆಯ ಅಂಗಳದಲ್ಲಿ ಮೋಟಾರ್ ಸೈಕಲ್ಲಾಗಿ ನಿಲ್ಲುತ್ತದೆ. ಇದನ್ನು ಯಾವ ಸಂಸ್ಕೃತಿ ಸಭೆ ಚರ್ಚಿಸೀತು?

ಹೊಸಪೇಟೆ, ಕಂಪ್ಲಿಯ ಮಹಿಳಾ ಸಂಘಗಳು ಹಂಪಿ ಉತ್ಸವದ ಅಧಿಕಾರಿಗಳನ್ನು ಕೇಳಬೇಕು: ಮಾರಾಟಕ್ಕಿಟ್ಟ ಪ್ರತಿ ಕಸೂತಿಯ ಮೇಲೆ ಹೊಲಿದವಳ ಹೆಸರು, ಆಕೆಗೆ ಸಂದ ಕೂಲಿ ಬರೆಯಿರಿ. ಹಣ ಆಕೆಯ ಖಾತೆಗೇ ಹೋಗಲಿ. ಪಾಸ್‌ಬುಕ್ಕೂ ಆಕೆಯ ಕೈಯಲ್ಲೇ ಇರಲಿ.